ನಿಮಗಿದು ಗೊತ್ತೇ? ಚುಚ್ಚುಮಾತು ಮೈಗೂ ತಾಗುತ್ತದೆ

ಹೆದರಿದಾಗ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಇದು ನರಮಂಡಲ ಮತ್ತು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಕೆಲಸ. ಅಪಾಯ ಕಳೆದರೆ ಮೈ ತಾನಾಗಿ ಶಾಂತವಾಗುತ್ತದೆ. ಆದರೆ ಬೀದಿಯಲ್ಲಿ ಗೇಲಿ, ಬಸ್ಸಿನಲ್ಲಿ ದುರುಗುಟ್ಟುವ ಕಣ್ಣು, ಮನೆಯಲ್ಲಿ ಬೈಗುಳ ಎದುರಿಸುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ಅಪಾಯ ಕಳೆಯುವುದು ಯಾವಾಗ?

ಅದೇ ಗ್ರಂಥಿಗಳು ಸ್ರವಿಸುವ ಕಾರ್ಟಿಸೋಲ್ ಎಂಬ ಹಾರ್ಮೋನು ಬೆಳಿಗ್ಗೆ ಏರಿ ರಾತ್ರಿಗೆ ಇಳಿಯಬೇಕು. ಒತ್ತಡ ವರ್ಷಗಟ್ಟಲೆ ಮುಂದುವರಿದರೆ ಈ ಲಯ ಕೆಡುತ್ತದೆ. ನಿದ್ದೆ ಕಡಿಮೆಯಾಗುತ್ತದೆ, ರಕ್ತದೊತ್ತಡ ಏರಬಹುದು, ಸಕ್ಕರೆಯ ಹದ ತಪ್ಪಬಹುದು, ರೋಗನಿರೋಧಕ ಶಕ್ತಿ ಕುಗ್ಗಬಹುದು. ದೇಹ ಹೀಗೆ ಸವೆಯುವುದಕ್ಕೆ 1993ರಲ್ಲಿ ವಿಜ್ಞಾನಿಗಳಾದ ಬ್ರೂಸ್ ಮೆಕ್‌ಇವೆನ್ ಮತ್ತು ಎಲಿಯಟ್ ಸ್ಟೆಲ್ಲರ್ ‘ಅಲೋಸ್ಟ್ಯಾಟಿಕ್ ಲೋಡ್’ ಎಂದು ಹೆಸರಿಟ್ಟರು.

ಇದಕ್ಕೆ ಅವಮಾನ ಆಗಲೇಬೇಕೆಂದಿಲ್ಲ. ‘ಈಗ ಯಾರಾದರೂ ಏನಾದರೂ ಅನ್ನುತ್ತಾರೆ’ ಎಂಬ ಅಳುಕಿನಲ್ಲೇ ದಿನ ದೂಡುವುದೂ ಒತ್ತಡವೇ.

ಈ ಅಳುಕಿಗೆ ಉದಾಹರಣೆಯಾಗಿ ಶೌಚಾಲಯದ ಮಾತಿಗೆ ಬರೋಣ. ಅಮೆರಿಕದಲ್ಲಿ 2015ರಲ್ಲಿ 27,715 ಟ್ರಾನ್ಸ್‌ಜೆಂಡರ್ ಜನರ ಸಮೀಕ್ಷೆ ನಡೆಯಿತು. ಹಿಂದಿನ ಒಂದು ವರ್ಷದಲ್ಲಿ ಜಗಳ, ಹಲ್ಲೆಯ ಭಯದಿಂದ ಸಾರ್ವಜನಿಕ ಶೌಚಾಲಯಕ್ಕೆ ಹೋಗದೆ ತಡೆದುಕೊಂಡವರು ಶೇ 59. ಹೋಗುವ ಪ್ರಮೇಯವೇ ಬಾರದಿರಲಿ ಎಂದು ಊಟ, ನೀರು ಕಡಿಮೆ ಮಾಡಿದವರು ಶೇ 32. ಇದರಿಂದಲೇ ಮೂತ್ರನಾಳದ ಸೋಂಕು, ಮೂತ್ರಪಿಂಡದ ತೊಂದರೆ ಅನುಭವಿಸಿದವರು ಶೇ 8. ಬಾಯಾರಿದರೂ ನೀರಿನ ಬಾಟಲಿ ಮುಟ್ಟದೆ ಸಂಜೆಯವರೆಗೆ ಕೆಲಸ ಮಾಡುವುದು ಎಂಥ ಹಿಂಸೆ ಎಂದು ಊಹಿಸಿಕೊಳ್ಳಿ. ಈ ಸೋಂಕಿಗೆ ಮಾತ್ರೆಗಿಂತ ಮೊದಲು ಬೇಕಾದದ್ದು ನಿರ್ಭಯವಾಗಿ ಬಳಸಬಹುದಾದ ಶೌಚಾಲಯ.

ಅದೇ ಸಮೀಕ್ಷೆಯಲ್ಲಿ ಶೇ 23ರಷ್ಟು ಮಂದಿ, ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆಂಬ ಹೆದರಿಕೆಗೆ ವೈದ್ಯರ ಬಳಿಗೇ ಹೋಗಿರಲಿಲ್ಲ. ರೋಗ ಬಲಿಯುವುದು ಹೀಗೆ. ತೀವ್ರ ಮಾನಸಿಕ ಯಾತನೆಯಲ್ಲಿದ್ದವರು ಶೇ 39. ಆ ದೇಶದ ಒಟ್ಟು ಜನರಲ್ಲಿ ಈ ಪ್ರಮಾಣ ಶೇ 5.

ಹಾಗಾದರೆ ಟ್ರಾನ್ಸ್‌ಜೆಂಡರ್ ಆಗಿರುವುದೇ ಮನೋರೋಗವೇ? ಖಂಡಿತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆದಿದೆ. 2022ರ ಜನವರಿಯಿಂದ ಅದು ಜಾರಿಯಲ್ಲಿದೆ.

ಹೆಸರು ಹಿಡಿದು ಕರೆಯುವುದೂ ಆರೋಗ್ಯದ ವಿಷಯ! ಅಮೆರಿಕದ ಟ್ರಾನ್ಸ್‌ಜೆಂಡರ್ ಕಿರಿಯರ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ನೋಡಿದ್ದು ಇಷ್ಟನ್ನೇ: ಅವರು ಆರಿಸಿಕೊಂಡ ಹೆಸರನ್ನು ಮನೆ, ಶಾಲೆ, ಕೆಲಸದ ಜಾಗ, ಗೆಳೆಯರ ಬಳಗದಲ್ಲಿ ಬಳಸುತ್ತಾರೆಯೇ? ಬಳಸುವ ಜಾಗ ಹೆಚ್ಚಿದಷ್ಟೂ ಖಿನ್ನತೆ, ಸಾಯುವ ಯೋಚನೆ ಕಡಿಮೆಯಿದ್ದವು. ಖರ್ಚೇ ಇಲ್ಲದ ಇಂಥ ಕೆಲಸಕ್ಕೂ ನಾವು ಹಿಂಜರಿಯುವುದು ಸರಿಯಲ್ಲ.

ನಮ್ಮ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಎಳೆಯ ವಯಸ್ಸಿನಲ್ಲಿ ಬದುಕೇ ಬೇಡ ಎಂಬಷ್ಟು ನೊಂದಿದ್ದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಜೋಗತಿ ಕುಣಿತ ಅವರ ಕೈ ಹಿಡಿಯಿತು. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು.

ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ; ವರ್ಷ 2021. ತಿಂಗಳ ಸಂಬಳದ ಭರವಸೆಯೂ ಒತ್ತಡ ಇಳಿಸುವ ಮದ್ದೇ.

ನಿಮಗೋ ನಿಮ್ಮವರಿಗೋ ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.