ತಲೆಯ ಪೆಟ್ಟು: ರಕ್ತ ನುಡಿಯುವ ಸಾಕ್ಷಿ

ಹುಣಸೂರಿನ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟಾದವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದಾಗ ಮನೆಯವರ ಬಾಯಲ್ಲಿ ಒಂದೇ ಪ್ರಶ್ನೆ: ‘ಮೊದಲಿನಂತಾಗುತ್ತಾರೆಯೇ?’

ಇದಕ್ಕೆ ಉತ್ತರವನ್ನರಸುವ ವೈದ್ಯರು 1974ರಲ್ಲಿ ರೂಪುಗೊಂಡ ಗ್ಲಾಸ್ಗೋ ಮಾಪನದಿಂದ ಪ್ರಜ್ಞೆಯನ್ನು ಅಳೆಯುತ್ತಾರೆ. ಕಣ್ಣು ತೆರೆಯುವಿಕೆ, ಮಾತು, ಕೈಕಾಲುಗಳ ಚಲನೆಗೆ ಒಟ್ಟು 3ರಿಂದ 15 ಅಂಕ. 8 ಅಥವಾ ಅದಕ್ಕೂ ಕಡಿಮೆಯಾದರೆ ಪೆಟ್ಟು ತೀವ್ರವೆಂದರ್ಥ. ವಯಸ್ಸು, ಕಣ್ಣಪಾಪೆಯ ಪ್ರತಿಕ್ರಿಯೆ, ಸಿ.ಟಿ. ಸ್ಕ್ಯಾನ್‌ಗಳನ್ನೂ ಪರಿಗಣಿಸಲಾಗುತ್ತದೆ.

ಈಗ ರಕ್ತವೂ ಸಾಕ್ಷಿ ನುಡಿಯತೊಡಗಿದೆ. ಮಿದುಳಿನ ಜೀವಕೋಶಗಳಿಗೆ ಹಾನಿಯಾದಾಗ ಜಿಎಫ್‌ಎಪಿ, ಯುಸಿಎಚ್‌–ಎಲ್1 ಎಂಬ ಪ್ರೋಟೀನುಗಳು ರಕ್ತಕ್ಕೆ ಸೇರುತ್ತವೆ. ಲಘು ಪೆಟ್ಟಿನವರಿಗೆ ಸ್ಕ್ಯಾನ್ ಬೇಕೇ ಎಂದು ನಿರ್ಧರಿಸಲು ಇವುಗಳ ಪರೀಕ್ಷೆಗೆ ಅಮೆರಿಕ 2018ರಲ್ಲಿ ಅನುಮತಿಯಿತ್ತಿತು. ತೀವ್ರ ಪೆಟ್ಟಿನಲ್ಲಿ ಇವುಗಳ ಪ್ರಮಾಣ ಏರಿದಷ್ಟೂ ಸಾವು ಹಾಗೂ ಶಾಶ್ವತ ವೈಕಲ್ಯದ ಸಂಭವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ.

ಆದರೆ ಅದು ಸಂಭವವೇ ಹೊರತು ವ್ಯಕ್ತಿಯ ಹಣೆಬರಹವಲ್ಲ. ಮಿದುಳಿನ ಚೇತರಿಕೆಗೆ ತಿಂಗಳುಗಳೇ ಹಿಡಿಯಬಹುದು. ಒಂದು ಅಂಕಿಯನ್ನು ಕಂಡು ಆರೈಕೆಯನ್ನು ಕೈಬಿಡಲಾಗದು. ನಮ್ಮ ಕೈಯಲ್ಲಿರುವುದು ಬೇರೆಯೇ ಇದೆ: ಪಕ್ಕದ ಊರಿಗೇ ಹೊರಟರೂ ಹೆಲ್ಮೆಟ್ ಧರಿಸುವುದು, ಬಿದ್ದವರನ್ನು ಕಂಡರೆ ತಡಮಾಡದೆ 108ಕ್ಕೆ ಕರೆಮಾಡುವುದು, ಗಾಯಾಳುವಿನ ಕತ್ತು ಅಲುಗದಂತೆ ಕಾಯುವುದು.