ಆಕಳಿಗೆ ಬೇನೆ ಬಂದರೆ ಡಾಕ್ಟರು, ಮನಸ್ಸಿಗೆ ಬಂದರೆ ತಾಯತವೇ?



ಕೆಚ್ಚಲು ಬಾವು, ಖನಿಜ ಮಿಶ್ರಣದ ಮಾತು ಈ ಸಲ ಸ್ವಲ್ಪ ಬದಿಗಿರಲಿ. ನಾನು ದನದ ಡಾಕ್ಟರು. ಮನುಷ್ಯರ ಮನಸ್ಸಿಗೆ ಔಷಧ ಬರೆದುಕೊಡುವುದು ನನ್ನ ಕೆಲಸವಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಹಳ್ಳಿಗಳಿಗೆ ಬಂದಾಗ, ದನಕ್ಕೆ ಸೂಜಿ ಮಾಡಿ ಕೈ ತೊಳೆಯುವ ಹೊತ್ತಿಗೆ, ಮನೆಯ ಹೆಣ್ಣುಮಕ್ಕಳು ಮೆಲ್ಲಗೆ ಆಡುವ ಮಾತು ಕಿವಿಗೆ ಬೀಳುತ್ತದೆ. “ರಾತ್ರಿ ನಿದ್ದೀನ ಬರವಲ್ದ್ರೀ.” “ಯಾವ ಕೆಲಸಕ್ಕೂ ಮನಸ್ಸ ಬರವಲ್ದು.” “ಸೊಸಿ ಹಡದಾಗಿಂದ ಒಬ್ಬಾಕೀನ ಕುಂತು ಅಳ್ತಾಳ.”

ಆಕಳು ಒಂದು ಹೊತ್ತು ಮೇವು ಬಿಟ್ಟರೆ ನೀವು ಕೂಡಲೇ ಫೋನ್ ಮಾಡುತ್ತೀರಿ. ನಿಮ್ಮದೇ ಊಟ, ನಿದ್ದೆ ತಿಂಗಳುಗಟ್ಟಲೆ ಕೆಟ್ಟರೂ ಯಾರಿಗೂ ಹೇಳುವುದಿಲ್ಲ. ಹಾಗೆ ತಡೆಯುವ ಕೆಲವು ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

1. “ಗಾಳಿ ಬಡದೈತಿ, ಯಾರೋ ಮಾಟ ಮಾಡ್ಯಾರ”

ಹೆಚ್ಚು ಹಾಲು ಕೊಡುವ ಆಕಳು ಕರು ಹಾಕಿದ ಮೂರು-ನಾಲ್ಕು ವಾರಕ್ಕೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ಗೋಡೆ ನೆಕ್ಕುತ್ತದೆ, ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತದೆ, ಸುತ್ತು ಹೊಡೆಯುತ್ತದೆ, ಒದರುತ್ತದೆ. ನೋಡಿದವರು ಗಾಳಿ ಎನ್ನುತ್ತಾರೆ. ಅದು ಕೀಟೋಸಿಸ್ ಎಂಬ ಕಾಯಿಲೆ. ತಿನ್ನುವ ಮೇವಿನಿಂದ ಸಿಗುವುದಕ್ಕಿಂತ ಹೆಚ್ಚು ಶಕ್ತಿ ಹಾಲಿಗೆ ಹೋಗಿ ರಕ್ತದಲ್ಲಿ ಸಕ್ಕರೆ ಇಳಿದಿರುತ್ತದೆ. ಗ್ಲುಕೋಸ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. (ಹುಚ್ಚುನಾಯಿ ಕಡಿದ ದನವೂ ಹೀಗೆ ಒದರುವುದುಂಟು. ಅಂಥ ದನದ ಬಾಯಿಗೆ ಕೈ ಹಾಕದೆ ಮೊದಲು ನಮ್ಮನ್ನು ಕರೆಯಿರಿ.)

ನಮ್ಮ ಮಿದುಳೂ ದೇಹದ ಒಂದು ಅಂಗವೇ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಮನೆಯವರೇ ವಿಷ ಹಾಕುತ್ತಾರೆಂಬ ಸಂಶಯ, ತನ್ನಷ್ಟಕ್ಕೆ ತಾನೇ ಮಾತಾಡುವುದು, ಇವೆಲ್ಲ ಕಾಯಿಲೆಯ ಲಕ್ಷಣಗಳು. ಇವಕ್ಕೆ ಔಷಧವಿದೆ. ಕಾಲಕಾಲೇಶ್ವರನಿಗೆ ಹರಕೆ ಹೊರುವುದು ನಿಮ್ಮ ಭಕ್ತಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಗುಡಿಗೆ ಹೋದವರು ಆಸ್ಪತ್ರೆಗೂ ಹೋಗಿರಿ. ಕಟ್ಟಿಹಾಕುವುದು, ಹೊಡೆಯುವುದು, ಬರೆ ಹಾಕುವುದು ಮಾತ್ರ ಬೇಡವೇ ಬೇಡ.

2. “ಮನಸ್ಸು ಗಟ್ಟಿ ಮಾಡ್ಕೊ, ಸರಿ ಹೋಗ್ತೈತಿ”

ಈದ ಆಕಳು ಹಾಲು ಜ್ವರದಿಂದ ನೆಲ ಹಿಡಿದಾಗ ಬಾಲ ತಿರುವಿದರೂ ಏಳುವುದಿಲ್ಲ, ಬಡಿಗೆ ತೋರಿಸಿದರೂ ಏಳುವುದಿಲ್ಲ. ಅದು ಸೋಮಾರಿತನವಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಖಿನ್ನತೆ ಬಂದವರಿಗೆ “ಗಟ್ಟಿಯಾಗು” ಎನ್ನುವುದೂ ಬಾಲ ತಿರುವಿದಂತೆಯೇ. ಏಳಬೇಕೆಂಬ ಆಸೆ ಅವರಿಗೂ ಇರುತ್ತದೆ, ಏಳಲು ಆಗುವುದಿಲ್ಲ.

ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಮತ್ತು ಹಸಿವು ಕೆಟ್ಟಿವೆ, ನಾನು ಯಾರಿಗೂ ಬೇಡವಾದವಳು ಎಂಬ ಯೋಚನೆ ಬಿಡುತ್ತಿಲ್ಲ ಎಂದರೆ ಡಾಕ್ಟರಿಗೆ ತೋರಿಸಬೇಕು.

3. “ಎದ್ದು ಓಡಾಡ್ತಾಳ, ಹಾಲು ಹಿಂಡ್ತಾಳ, ಆಕೀಗೇನಾಗೈತಿ?”

ಹೊರಗೆ ಕಾಣದ ಕೆಚ್ಚಲು ಬಾವು ನಿಮಗೆ ಗೊತ್ತು. ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಆದರೂ ಒಳಗೆ ರೋಗವಿದ್ದು ಹಾಲು ಇಳಿಯುತ್ತದೆ. ಪರೀಕ್ಷೆ ಮಾಡಿದರಷ್ಟೇ ತಿಳಿಯುತ್ತದೆ. ಮನಸ್ಸಿನ ಕಾಯಿಲೆಯೂ ಹಾಗೆ ಒಳಗೇ ಇರಬಹುದು. ಸೆಗಣಿ ಬಾಚಿ, ಕಣಿಕಿ ಹಾಕಿ, ರೊಟ್ಟಿ ಬಡಿದು, ಹೊಲಕ್ಕೂ ಹೋಗುವ ಹೆಣ್ಣುಮಗಳಲ್ಲಿ ಅದು ತಲೆಶೂಲೆ, ಮೈ-ಕೈ ನೋವು, ಎದೆ ಹೊಡೆದುಕೊಳ್ಳುವುದು, ಸುಸ್ತು ಎಂದು ಕಾಣಿಸಿಕೊಳ್ಳುತ್ತದೆ. ಸಲೈನ್ ಹಾಕಿಸಿಕೊಂಡು ಬರುತ್ತಾರೆ, ನಾಲ್ಕು ದಿನಕ್ಕೆ ಮತ್ತೆ ಅದೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆಸಿತು. ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ಈ ಲೆಕ್ಕ ಹಿಡಿದರೆ 60 ಸದಸ್ಯೆಯರ ಸಂಘದಲ್ಲಿ ಮೂವರು. ಖಿನ್ನತೆ ಇದ್ದ ಪ್ರತಿ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

4. “ಹಡದ ಮ್ಯಾಲೆ ಎಲ್ಲಾರೂ ಅಳ್ತಾರ”

ನಿಜ, ಹೆರಿಗೆಯಾದ ಮೊದಲ ಕೆಲವು ದಿನ ಬಹಳ ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ತಾನಾಗಿ ಕಡಿಮೆಯಾಗುತ್ತದೆ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಕೂಸಿನ ಮೇಲೆ ಮನಸ್ಸೇ ಇಲ್ಲದಿದ್ದರೆ ಅದು ಕಾಯಿಲೆ. ನಿದ್ದೆಯನ್ನೇ ಮಾಡದೆ ಸಂಬಂಧವಿಲ್ಲದ ಮಾತಾಡಿದರೆ, ಕೂಸಿಗೆ ಅಥವಾ ತನಗೆ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಒಬ್ಬಳನ್ನೇ ಬಿಡಬೇಡಿ. ಅತ್ತೆಯರೇ, ಇದನ್ನು ಮೊದಲು ಗಮನಿಸಬೇಕಾದವರು ನೀವು.

5. “ಮದುವಿ ಮಾಡ್ರಿ, ಸರಿ ಹೋಗ್ತಾನ”

ಮದುವೆ ಔಷಧವಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಹುಡುಗನ ಗುಳಿಗೆ ತಪ್ಪುತ್ತದೆ, ಬೇನೆ ಮರುಕಳಿಸುತ್ತದೆ, ಬಂದ ಹುಡುಗಿಗೆ “ನಿನ್ನ ಕಾಲ್ಗುಣ” ಎಂಬ ಮಾತು. ಹುಡುಗಿಗೆ ಕಾಯಿಲೆಯಿದ್ದರೂ ಅಷ್ಟೇ. ಮೊದಲು ಚಿಕಿತ್ಸೆ ಆಗಲಿ. ಚೇತರಿಸಿಕೊಂಡವರು ಮದುವೆಯಾಗಿ ಸಂಸಾರ ಮಾಡಬಹುದು, ಎರಡೂ ಮನೆಯವರಿಗೆ ವಿಷಯ ಗೊತ್ತಿರಬೇಕು.

6. “ಆ ಗುಳಿಗಿ ಚಟ ಆಗ್ತಾವ”

ಖಿನ್ನತೆಗೆ ಕೊಡುವ ಗುಳಿಗೆಗಳು ಚಟ ಹಿಡಿಸುವುದಿಲ್ಲ. ಆದರೆ ಅವು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ತಿಂದು “ಏನೂ ಆಗ್ಲಿಲ್ಲ” ಎಂದು ಬಿಡುವುದು, ಸ್ವಲ್ಪ ಆರಾಮಾದ ಕೂಡಲೇ ನಿಲ್ಲಿಸುವುದು ಎರಡೂ ತಪ್ಪು. ಕೆಚ್ಚಲು ಬಾವಿನ ಕೋರ್ಸ್ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ನಿದ್ದೆಯ ಕೆಲವು ಗುಳಿಗೆಗಳು ರೂಢಿಯಾಗುವುದುಂಟು, ಅವನ್ನು ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ.

ಒಂದು ಮಾತು. ಮನುಷ್ಯರ ಮನಸ್ಸು ಆಕಳ ಕೆಚ್ಚಲಲ್ಲ. ಸಾಲ, ಗಂಡನ ಕುಡಿತ, ಮನೆಯ ಜಗಳ ಗುಳಿಗೆಯಿಂದ ಹೋಗುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಗುಳಿಗೆಯ ಜೊತೆಗೆ ಕೂರಿಸಿಕೊಂಡು ಮಾತಾಡಿಸುವ ಆಪ್ತಸಮಾಲೋಚನೆಯೂ ಇರುತ್ತದೆ. ಕೆಲವರಿಗೆ ಅದೊಂದೇ ಸಾಕಾಗುತ್ತದೆ.

7. “ಧಾರವಾಡಕ್ಕ ಹೋಗೋರು ಹುಚ್ಚರು”

ನಮ್ಮ ಕಡೆ ಚೇಷ್ಟೆಗೆ ಆಡುವ ಈ ಮಾತು ಎಷ್ಟೋ ಜನರನ್ನು ಆಸ್ಪತ್ರೆಯಿಂದ ದೂರ ಇಟ್ಟಿದೆ. ಧಾರವಾಡದ ಡಿಮ್ಹಾನ್ಸ್‌ಗೆ ನಿದ್ದೆ ಬಾರದವರು, ಮೂರ್ಛೆರೋಗದವರು, ಕುಡಿತ ಬಿಡಬೇಕೆನ್ನುವವರು ಎಲ್ಲರೂ ಬರುತ್ತಾರೆ. ಹೆಚ್ಚಿನವರು ತೋರಿಸಿಕೊಂಡು ಅದೇ ದಿನ ಊರಿಗೆ ಮರಳುತ್ತಾರೆ.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. 1985ರಲ್ಲಿ ನಿಮ್ಹಾನ್ಸ್ ತಜ್ಞರು ತುಂಗಭದ್ರೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಈ ಚಿಕಿತ್ಸೆ ಸಾಧ್ಯ ಎಂದು ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

8. “ಸಾಯ್ತೀನಿ ಅನ್ನೋರು ಸಾಯಂಗಿಲ್ಲ”

ಇದು ಎಲ್ಲಕ್ಕಿಂತ ಅಪಾಯದ ತಿಳಿವಳಿಕೆ. ಆ ಮಾತು ಬಂದರೆ ನಿಜವೆಂದೇ ಹಿಡಿಯಿರಿ. “ಸಾಯೋ ವಿಚಾರ ಬರ್ತೈತೇನ ತಂಗಿ?” ಎಂದು ನೇರವಾಗಿ ಕೇಳಿರಿ. ಕೇಳಿದ್ದರಿಂದ ಇಲ್ಲದ ವಿಚಾರ ಹುಟ್ಟುವುದಿಲ್ಲ, ಕೇಳಿದವರ ಮುಂದೆ ಎದೆಯ ಭಾರ ಇಳಿಯುತ್ತದೆ.

ಬೆಳೆಗೆ ಹೊಡೆಯುವ ಎಣ್ಣೆ, ದನಕ್ಕೆ ಹಚ್ಚುವ ಉಣ್ಣಿಯ ಔಷಧ ಕೊಟ್ಟಿಗೆಯ ಗೂಡಿನಲ್ಲಿ ಕೈಗೆ ಸಿಗುವಂತೆ ಇಡಬೇಡಿ. ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ. ಕೆಟ್ಟ ಗಳಿಗೆ ದಾಟುವ ತನಕ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಯಾರಾದರೂ ಕುಡಿದೇಬಿಟ್ಟರೆ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕೇಸಿಗೆ ಅಂಜಿ ತಡ ಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ತಿಳಿದು, ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಎಲ್ಲಿ ಕೇಳಬೇಕು?

• ಟೆಲಿ ಮನಸ್: 14416. ಹಗಲು-ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ.
• ನಿಮ್ಮೂರಿನ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ.
• ತಾಲೂಕಿನ ಸರ್ಕಾರಿ ಆಸ್ಪತ್ರೆ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ.
• ಗದಗದ ಜಿಮ್ಸ್ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್.

ಅಕ್ಕಂದಿರೇ, ನಸುಕಿನಲ್ಲಿ ಒಮ್ಮೆ, ಸಂಜೆ ಒಮ್ಮೆ ಕ್ಯಾನು ಹಿಡಿದು ಸಂಘದ ಮುಂದೆ ನಿಲ್ಲುವ ನೀವು ದಿನಕ್ಕೆ ಎರಡು ಸಲ ಒಬ್ಬರ ಮುಖ ಒಬ್ಬರು ನೋಡುತ್ತೀರಿ. ಹಾಲು ಅರ್ಧ ಲೀಟರ್ ಇಳಿದರೆ ನಿಮಗೆ ತಿಳಿಯುತ್ತದೆ. ಸಾಲಿನಲ್ಲಿ ಮಾತು ಬಿಟ್ಟವಳು ಯಾರು, ಎಂಟು ದಿನದಿಂದ ಮಗನ ಕೈಲಿ ಹಾಲು ಕಳಿಸುತ್ತಿರುವವಳು ಯಾರು ಎಂಬುದೂ ನಿಮಗೇ ಮೊದಲು ತಿಳಿಯುತ್ತದೆ. ಈ ವಾರ ಅಂಥ ಒಬ್ಬಳ ಮನೆಗೆ ಹೋಗಿ ಕುಳಿತು ಮಾತಾಡಿಸಿರಿ. ಬೇಕಾದರೆ ಆಕೆಯ ಜೊತೆ ಆಸ್ಪತ್ರೆಗೂ ನಡೆಯಿರಿ. ಅಂಥವಳು ನೀವೇ ಆಗಿದ್ದರೆ, ಪಕ್ಕದಲ್ಲಿ ನಿಂತವಳಿಗೆ ಹೇಳಿರಿ.

– ಪಶುವೈದ್ಯಾಧಿಕಾರಿ