ಲೋಟದ ನೀರಿಗಿಳಿದ ಶುಂಠಿ ರೋಗ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಆನವಟ್ಟಿ ಕಡೆ ಹೊರಟರೆ ಮೆಕ್ಕೆಜೋಳದ ನಡುನಡುವೆ ಶುಂಠಿ ಮಡಿಗಳು. ಅಂಥ ಒಂದು ಮಡಿಯಲ್ಲಿ ರೈತರೊಬ್ಬರು ಹಳದಿಗಟ್ಟಿ ಎಲೆ ಸುರುಳಿಯಾದ ಗಿಡವನ್ನು ಎಳೆದರು; ಕಾಂಡ ಬುಡದಿಂದ ಕಳಚಿ ಕೈಗೇ ಬಂತು. ಅದನ್ನು ಅಡ್ಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ಇಳಿಬಿಟ್ಟೆವು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲುಬಿಳಿ ಎಳೆಗಳು ಇಳಿಯತೊಡಗಿದವು. ಎಳೆ ತುಂಬ ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾ. ಶಿಲೀಂಧ್ರದ ಕೊಳೆಯಾಗಿದ್ದರೆ ಹೀಗೆ ಎಳೆ ಇಳಿಯುತ್ತಿರಲಿಲ್ಲ. ಆ ನೋಟ ಇನ್ನೂ ಕಣ್ಣಿನಲ್ಲಿದೆ.

ಈ ಬ್ಯಾಕ್ಟೀರಿಯಾ ಬಿಡುವ ಲೋಳೆಯೇ ಗಿಡದ ನೀರಿನ ನಾಳ ಕಟ್ಟಿಸಿ ಅದನ್ನು ಸೊರಗಿಸುವುದು. ಹಾಗಾದರೆ ರೋಗ ತರಿಸುವ ಜೀನ್ ಯಾವುದು? ಇದಕ್ಕೊಂದು ಕಟ್ಟುನಿಟ್ಟಿನ ಪರೀಕ್ಷೆಯನ್ನು ಸೂಕ್ಷ್ಮಜೀವಿ ವಿಜ್ಞಾನಿ ಸ್ಟ್ಯಾನ್ಲಿ ಫಾಲ್ಕೋ 1988ರಲ್ಲಿ ಹೇಳಿದರು: ಜೀನ್ ಕೆಡಿಸಿದಾಗ ರೋಗ ತಗ್ಗಬೇಕು, ಸರಿಯಾದ ಜೀನ್ ಮರಳಿ ಕೊಟ್ಟಾಗ ರೋಗವೂ ಮರಳಬೇಕು. ಫ್ರಾನ್ಸಿನ ಟುಲೂಸ್‌ನಲ್ಲಿ 1980ರ ದಶಕದಲ್ಲೇ ಈ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಕೆಡಿಸಿ ಕೆಡಿಸಿ ಟೊಮೆಟೊ ಮೇಲೆ ಬಿಟ್ಟು ನೋಡಿದ್ದರು. ಎಚ್‌ಆರ್‌ಪಿ ಎಂಬ ಜೀನ್ ಗುಂಪು ಸಿಕ್ಕಿದ್ದು ಹಾಗೆ; ಅದು ಕೆಟ್ಟರೆ ಗಿಡ ಸಾಯುವುದಿಲ್ಲ. ಈ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್, ಸುಮಾರು 58 ಲಕ್ಷ ಅಕ್ಷರಗಳು, 2002ರಲ್ಲಿ ಬಯಲಾಯಿತು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಸಸ್ಯರೋಗ ವಿಜ್ಞಾನಿ ಆರ್ಥರ್ ಕೆಲ್ಮನ್ 1954ರಲ್ಲಿ ತೋರಿಸಿದ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ. ಟೆಟ್ರಝೋಲಿಯಂ ಬೆರೆಸಿದ ಆಹಾರದ ಮೇಲೆ ರೋಗ ತರುವ ಬ್ಯಾಕ್ಟೀರಿಯಾ ಬೆಳ್ಳಗೆ, ಲೋಳೆಲೋಳೆಯಾಗಿ, ನಡುವೆ ಗುಲಾಬಿ ಬಣ್ಣದಲ್ಲಿ ಹರಡುತ್ತದೆ. ಅದೇ ತಟ್ಟೆಯಲ್ಲಿ ಅದರದೇ ಸಂತಾನದ ಕೆಲವು ಕಡುಗೆಂಪಾಗಿ, ಒಣಗಿ, ಚಿಕ್ಕದಾಗಿ ಉಳಿಯುತ್ತವೆ. ಆ ಕೆಂಪಿನವನ್ನು ಗಿಡಕ್ಕೆ ಚುಚ್ಚಿದರೆ ಗಿಡಕ್ಕೆ ಹೆಚ್ಚೇನೂ ಆಗುವುದಿಲ್ಲ. ಕಾರಣ 1993ರಲ್ಲಿ ತಿಳಿಯಿತು: ಪಿಎಚ್‌ಸಿಎ ಎಂಬ ಒಂದೇ ಜೀನ್ ತಾನಾಗಿ ಕೆಟ್ಟಿರುತ್ತದೆ. ಸರಿಯಾದ ಪ್ರತಿ ಕೊಟ್ಟರೆ ಲೋಳೆಯೂ ರೋಗವೂ ಹಿಂದಿರುಗುತ್ತವೆ. ಮಿಲಿಲೀಟರಿಗೆ ಕೋಟಿ ದಾಟುವವರೆಗೆ ಬ್ಯಾಕ್ಟೀರಿಯಾ ಲೋಳೆಗೆ ಕೈಹಾಕುವುದೇ ಇಲ್ಲ. ತಾವೇ ಬಿಡುವ ರಾಸಾಯನಿಕ ದಟ್ಟವಾದಾಗ ಈ ಜೀನ್ ಕೆಲಸಕ್ಕಿಳಿಯುತ್ತದೆ. ಗಿಡ ಹಸಿರಾಗಿ ಕಾಣುವಾಗಲೇ ಒಳಗೆ ಎಣಿಕೆ ನಡೆದಿರುತ್ತದೆ. ಮಡಿಗೆ ಸ್ಟ್ರೆಪ್ಟೋಮೈಸಿನ್ ಸುರಿಯುವುದರಲ್ಲಿ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ. ಎಲೆ ಬಾಡಿದ್ದು ಕಂಡಾಗ ಹೊತ್ತು ಮೀರಿರುತ್ತದೆ.

ಮಂಗನ ಕಾಯಿಲೆ ತರುವ ಕ್ಯಾಸನೂರಿನ ವೈರಸ್ಸಿನಿಂದ ಸೊರಬದ ಹೆಸರು 1957ರಿಂದಲೇ ವೈದ್ಯಗ್ರಂಥಗಳಲ್ಲಿದೆ. ಶುಂಠಿಯ ಈ ಬ್ಯಾಕ್ಟೀರಿಯಾಕ್ಕೆ ಅಷ್ಟು ಗಮನ ಸಿಕ್ಕಿಲ್ಲ, ಜೀನ್ ಪರೀಕ್ಷೆ ಹೆಚ್ಚಾಗಿ ಟೊಮೆಟೊ ಮೇಲೇ ನಡೆದಿದೆ. ಕೋಳಿಕ್ಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಮಾತ್ರ ಶುಂಠಿಯನ್ನೇ ಹಿಡಿದು ಕೂತಿದೆ. ಮಾವಿನ ಶುಂಠಿಗೆ ಈ ರೋಗ ನಾಟುವುದಿಲ್ಲವೆಂದು ಕಂಡು, ಅದರ ಯಾವ ಜೀನ್‌ಗಳು ತಡೆಯುತ್ತವೆಂದು ಅಲ್ಲಿ ಹುಡುಕಿದ್ದಾರೆ. ನನ್ನ ಆಸೆ ಆ ಹುಡುಕಾಟದ ಮೇಲಿದೆ. ಏಕೆಂದರೆ ಶುಂಠಿಗಾಗಿ ನೆಲ ಗುತ್ತಿಗೆಗೆ ಹಿಡಿದವರು ಮುಂದಿನ ವರ್ಷ ಬೇರೆ ಊರಿನ ಹೊಸ ನೆಲಕ್ಕೆ ಹೋಗುತ್ತಾರೆ, ರೋಗ ಹೊತ್ತ ಬೀಜದ ಗೆಡ್ಡೆಯೂ ಜೊತೆಗೆ ಹೋಗುತ್ತದೆ. ಬ್ಯಾಕ್ಟೀರಿಯಾ ಉಳಿದ ಮಣ್ಣು ಭೂಮಾಲೀಕನ ಪಾಲಿಗೆ.